ಸೋದರಮಾವ ನೋಡಬಾರದ ಮುಖ

ಕುಕ್ ಟೌನಿನಲ್ಲಿ ಒಂದು ಮರದ ಕೆಳಗೆ ಇಸ್ತ್ರಿ ಗಾಡಿ ನಿಲ್ಲುತ್ತದೆ. ಹೋದ ವಾರ ಅದರ ಪಕ್ಕದಲ್ಲಿ ಬೈಕು ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದೆ. ಇಸ್ತ್ರಿಯವನು ಯಾರದೋ ಮನೆಯ ಹಳೇ ಹತ್ತಿ ಸೀರೆಯ ಮೇಲೆ ಪೆಟ್ಟಿಗೆ ಒತ್ತಿದ. ಬಿಸಿ ಹತ್ತಿಯ ವಾಸನೆ ಎದ್ದು ನೇರ ನನ್ನ ಮೂಗಿಗೆ ಬಂತು. ಅಷ್ಟೇ. ಆಡುತ್ತಿದ್ದ ಮಾತು ಬಾಯಲ್ಲೇ ಉಳಿಯಿತು. ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ.

"ಏನ್ ಗುರೂ, ಬಿಸಿಲಿಗೆ ತಲೆ ಸುತ್ತಾ?" ಅಂದ ಅವನು.

"ಇಲ್ಲ ಅಣ್ಣಾ, ನಿಮ್ಮ ಇಸ್ತ್ರಿಗೆ."

ಅವನು ಬಿದ್ದು ಬಿದ್ದು ನಕ್ಕ. ನನ್ನ ಬದುಕಿನ ತಾಪತ್ರಯವೇ ಇದು. ನಿಜ ಹೇಳಿದಾಗಲೂ ಜನ ನಗುತ್ತಾರೆ.

ಹೆಸರು ಮೌನೇಶ. ಸುರಪುರದ ಕಡೆ ಮನೆಗೊಬ್ಬ ಮೌನೇಶ ಇರುತ್ತಾನೆ, ಆದರೆ ಆ ಹೆಸರಿಗೆ ನನ್ನಷ್ಟು ಮೋಸ ಮಾಡಿದವನು ಇನ್ನೊಬ್ಬ ಸಿಗಲಾರ. ನನ್ನ ಕಸುಬೇ ಬಾಯಿ. ರಾಮಮೂರ್ತಿ ನಗರದ ಒಂದು ಚಿಕ್ಕ ಕೋಣೆಯಲ್ಲಿ ಕೂತು ತಳ್ಳುಗಾಡಿಯವರಿಗೆ ಕೂಗು ರೆಕಾರ್ಡ್ ಮಾಡಿಕೊಡುತ್ತೇನೆ. ನಿಮ್ಮ ಬೀದಿಯಲ್ಲಿ ಸ್ಪೀಕರಿನೊಳಗಿಂದ ಯಾರೋ "ಬನ್ನಿ ಅಕ್ಕಾ, ಬನ್ನಿ ಅಮ್ಮಾ" ಎಂದು ಬೆಳಗಿನ ನಿದ್ದೆ ಕೆಡಿಸಿದರೆ ಅದು ನಾನಿರಬಹುದು. ಬೈದುಕೊಳ್ಳಿ, ಅಭ್ಯಾಸವಿದೆ. ಕನ್ನಡದಲ್ಲಿ ಈರುಳ್ಳಿ ಮಾರುತ್ತೇನೆ, ತಮಿಳಿನಲ್ಲಿ ಮೀನು, ದಖ್ನಿಯಲ್ಲಿ ಹಳೇ ಕಬ್ಬಿಣ ಕೊಳ್ಳುತ್ತೇನೆ. ಬಿಡುವಾದಾಗ ಮನೆ ಮಾಲೀಕರ ಕೆಮ್ಮು, ಅವ್ವನ ಗೊರಕೆ, ಮಾರತ್ತಹಳ್ಳಿ ಬಸ್ಸಿನ ಬಾಗಿಲು ಮುಚ್ಚುವ ಸದ್ದು, ಎಲ್ಲವನ್ನೂ ಅನುಕರಿಸಿ ತೋರಿಸುತ್ತೇನೆ. ಮುಖ ನೋಡಿ ಗುರುತು ಹಿಡಿಯುವುದಕ್ಕಿಂತ ಉಸಿರು ಕೇಳಿ ಗುರುತು ಹಿಡಿಯುವುದೇ ನನಗೆ ಸುಲಭ ಎಂದು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ, ಆ ಮಳೆಗಾಲದವರೆಗೆ.

ಮೂರು ವರ್ಷದ ಹಿಂದಿನ ಮಳೆಗಾಲ. ಅಕ್ಕ ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತವರೆಂದರೆ ಊರಲ್ಲ. ಅವ್ವನೂ ನಾನೂ ದುಡಿಮೆಗೆಂದು ಊರು ಬಿಟ್ಟಾಗ ತವರೂ ನಮ್ಮ ಜೊತೆಗೇ ಬಸ್ಸು ಹತ್ತಿತ್ತು. ಈಗ ಅದು ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಮಳೆ ಬಂದರೆ ಒಳಗೆ ಯಾರ ಮಾತೂ ಯಾರಿಗೂ ಕೇಳದು. ಅಕ್ಕನ ಗಂಡ ಮಲ್ಲಣ್ಣ ಲಾರಿ ಡ್ರೈವರು. ಆಗ ಲೋಡು ತುಂಬಿಕೊಂಡು ಅಸ್ಸಾಮಿನ ಕಡೆ ಹೋಗಿದ್ದ, ಅಲ್ಲಿಯೂ ನೆರೆ ಬಂದು ಲಾರಿ ನಿಂತಲ್ಲೇ ನಿಂತಿತ್ತು.

"ಏ ಮೌನ್ಯಾ, ಕೂಸು ಹುಟ್ಟಿದ ಮ್ಯಾಲ ನೀ ಬಾಯಿ ಮುಚ್ಕೊಂಡು ಇರಬೇಕ್ ನೋಡು," ಎನ್ನುತ್ತಿದ್ದಳು ಅಕ್ಕ. "ನಿನ್ ಧ್ವನಿ ಕೇಳಿದ್ರ ಅದು ತಿರುಗಿ ಒಳಗ ಹೋಗಿ ಕುಂದರ್ತದ."

ಅದು ಒಳಗೆ ಕೂರುವ ಜಾತಿಯದ್ದಾಗಿರಲಿಲ್ಲ. ಹೆರಿಗೆಗೆ ಇನ್ನೂ ತಿಂಗಳಿಗೂ ಮಿಗಿಲು ಇರುವಾಗಲೇ, ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಕಾಲ ಕೆಳಗೆ ನೀರು. ಮೊದಲು ಮೇಲೆ ನೋಡಿದೆ, ಶೀಟು ಸೋರುತ್ತಿದೆಯೇನೋ ಎಂದು. ಅವ್ವ ನನ್ನ ತಲೆಗೆ ಒಂದು ಬಿಟ್ಟು, "ನೀರು ಹೋಗ್ಯಾವೋ ಹುಚ್ಚಾ, ಆಟೋ ಕರಿ!" ಎಂದು ಚೀರಿದಳು.

ಸಿಕ್ಕ ಆಟೋದವರು ಶಿವಾಜಿನಗರದ ಒಬ್ಬ ಚಾಚಾ. ಮಳೆ ಸುರಿಯುತ್ತಿತ್ತು. ಬಾಣಸವಾಡಿ ದಾಟುವಷ್ಟರಲ್ಲಿ ರೈಲ್ವೆ ಕೆಳಸೇತುವೆಯ ತುಂಬ ನೀರು, ಮುಂದೆ ಹಿಂದೆ ಗಾಡಿಗಳು ಅಂಟಿಕೊಂಡು ನಿಂತಿದ್ದವು. ಅಕ್ಕ ನನ್ನ ಮುಂಗೈ ಹಿಡಿದಿದ್ದಳು. ನೋವು ಬಂದಾಗಲೆಲ್ಲ ಅವಳ ಉಗುರು ಚರ್ಮದೊಳಕ್ಕೆ ಇಳಿಯುತ್ತಿತ್ತು, ನಾನು ಅವಳಿಗಿಂತ ಜೋರಾಗಿ ಕೂಗುತ್ತಿದ್ದೆ.

"ಅರೇ ಭಾಯ್, ಇತ್ತಾ ಚಿಲ್ಲಾ ರಹಾ, ಜಚ್ಚಾ ತೂ ಹೈ ಕ್ಯಾ ವೋ?" ಎಂದು ಚಾಚಾ ಗದರಿದರು. ಬಾಣಂತಿ ನೀನೋ ಅವಳೋ ಎಂದು. ಆಮೇಲೆ, "ಚಿಲ್ಲಾನಾಚ್ ಹೈ ತೋ ಕಾಮ್ ಕಾ ಚಿಲ್ಲಾ," ಎಂದರು.

ಕೂಗುವುದಾದರೆ ಕೆಲಸಕ್ಕೆ ಬರುವ ಹಾಗೆ ಕೂಗು. ನಾನು ತಲೆ ಹೊರಗೆ ಹಾಕಿ ಆಂಬುಲೆನ್ಸಿನ ಸೈರನ್ ಕೂಗಿದೆ. ಗಂಟಲು ಹರಿಯುವ ಹಾಗೆ. ಮುಂದಿನ ಕಾರುಗಳು ಕನ್ನಡಿಯಲ್ಲಿ ಆಂಬುಲೆನ್ಸ್ ಹುಡುಕುತ್ತ ಒಂದೊಂದಾಗಿ ಪಕ್ಕಕ್ಕೆ ಸರಿದವು. ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದು ದಾರಿ ಬಿಡಿಸಿ, ಎದುರಿಗೆ ಬಂದದ್ದು ಬರೀ ಆಟೋ ಎಂದು ಕಂಡು ಬಾಯಿ ತೆರೆದರು. ಅಷ್ಟರಲ್ಲಿ ದಾಟಿಹೋಗಿದ್ದೆವು. ಅಕ್ಕ ಆ ನೋವಿನಲ್ಲೂ ಒಮ್ಮೆ ನಕ್ಕಳು. ಆ ನಗುವನ್ನು ಆಮೇಲೆ ತುಂಬಾ ದಿನ ಮನಸ್ಸಿನಲ್ಲಿ ಹಿಡಿದುಕೊಂಡಿದ್ದೆ. ಅದೇ ಕೊನೆಯದಾದೀತು ಎಂಬ ಹೆದರಿಕೆಯಿಂದ.

ಆಸ್ಪತ್ರೆ ಶಿವಾಜಿನಗರದ್ದು, ಸರ್ಕಾರದ್ದು. ಹೆರಿಗೆ ಕೋಣೆಯ ಬಾಗಿಲಿಗೆ ತೂಗು ಹಲಗೆಗಳು. ಯಾರಾದರೂ ಒಳಗೆ ಹೋದಾಗ ಅವು ನಾಲ್ಕು ಸಲ ಆಡಿ ನಿಲ್ಲುತ್ತಿದ್ದವು. ಆ ಸಂದಿಯಲ್ಲಿ ಕಾಣುವಷ್ಟೇ ನಮಗೆ ಸುದ್ದಿ. ಮೊದಲು ಯಾವ ಸುದ್ದಿಯೂ ಇರಲಿಲ್ಲ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಅಳು. ಅವ್ವ ಕೈ ಜೋಡಿಸಿದಳು. ನಾನು ಆ ಅಳುವನ್ನು ಅನುಕರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಸಿಸ್ಟರು ಓಡುತ್ತ ಹೊರಗೆ ಬಂದರು, ಇನ್ನೊಬ್ಬರು ಓಡುತ್ತ ಒಳಗೆ ಹೋದರು. ಆಸ್ಪತ್ರೆಯಲ್ಲಿ ಓಡುವ ಸಿಸ್ಟರನ್ನು ನೋಡಬಾರದು. ಅವರು ನಡೆಯುವವರೆಗೆ ಲೋಕ ಸರಿಯಾಗಿರುತ್ತದೆ.

"ರೇಣುಕಾ ಕಡೆಯೋರು ಯಾರು? ಹೆಣ್ಣು ಮಗು. ಸಣ್ಣದಿದೆ. ತಾಯಿಗೆ ಬ್ಲೀಡಿಂಗ್ ನಿಲ್ತಿಲ್ಲ, ರಕ್ತ ಬೇಕಾಗುತ್ತೆ, ನೀವು ಬನ್ನಿ!"

ನನ್ನ ರಕ್ತ ತೆಗೆದರು, ಚೀಟಿ ಕೊಟ್ಟರು, ನಾನು ಮೆಟ್ಟಿಲು ಹತ್ತಿ ಇಳಿದು ಚೀಲಗಳನ್ನು ಎದೆಗೊತ್ತಿ ತಂದೆ. ತಂದು ಕೊಟ್ಟಾಗ ಬಾಗಿಲ ಹಲಗೆ ಆಡಿತು. ಸಂದಿಯಲ್ಲಿ ಅಕ್ಕನ ಪಾದಗಳು ಕಂಡವು, ಸುಣ್ಣದ ಗೋಡೆಯ ಬಣ್ಣ. ಒಬ್ಬ ಸಿಸ್ಟರು ಮೆಟ್ಟಿಲು ಸ್ಟೂಲಿನ ಮೇಲೆ ನಿಂತು ಎರಡೂ ಕೈಯಿಂದ ಅವಳ ಹೊಟ್ಟೆ ಒತ್ತುತ್ತಿದ್ದರು, ಹಿಟ್ಟು ನಾದುವ ಹಾಗೆ, ಬಿಡದೆ. "ಇನ್ನೂ ಮೆತ್ತಗಿದೆ, ಇನ್ನೂ ಮೆತ್ತಗಿದೆ," ಎನ್ನುತ್ತಿದ್ದರು. ಹೆತ್ತ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಬಿಗಿಯಬೇಕು, ಬಿಗಿಯದಿದ್ದರೆ ರಕ್ತ ನಿಲ್ಲದು ಎಂದು ನನಗೆ ಆಮೇಲೆ ಹೇಳಿದರು. ಆಗ ಗೊತ್ತಿದ್ದದ್ದು ಒಂದೇ, ಮೆತ್ತಗಿರುವುದು ಕೆಟ್ಟದ್ದು.

"ರಕ್ತ ನಿಂದರವಲ್ದಂತ ಏನೋ?" ಅವ್ವ ಕೇಳಿದಳು.

"ನಿಲ್ತದವ್ವಾ," ಎಂದೆ. ಯಾರ ಧ್ವನಿಯಲ್ಲಿ ಹೇಳಿದೆನೋ. ನನ್ನದಂತೂ ಅಲ್ಲ.

ಮಧ್ಯಾಹ್ನ ಅದೇ ಸಿಸ್ಟರು ಹೊರಗೆ ಬಂದು ಗೋಡೆಗೆ ಒರಗಿದರು. ಅವರ ಎರಡೂ ತೋಳು ನಡುಗುತ್ತಿದ್ದವು. "ಬಿಗಿ ಆಯ್ತು," ಎಂದರು, ಯಾರಿಗೆಂದಿಲ್ಲದೆ. ಅಕ್ಕನನ್ನು ಮೇಲಿನ ವಾರ್ಡಿಗೆ, ನಳಿಕೆಗಳ ಜೊತೆ ಕರೆದೊಯ್ದರು. ಬದುಕಿದ್ದಾಳೆ, ಆದರೆ ಕಣ್ಣು ತೆರೆದಿಲ್ಲ, ಕೆಲವು ದಿನ ಮಗುವಿನ ಹತ್ತಿರ ಬರುವಂತಿಲ್ಲ.

ಮಗುವನ್ನು ಬೇರೆ ಬಾಗಿಲಿನಿಂದ ಸಣ್ಣ ಮಕ್ಕಳ ಕೋಣೆಗೆ ಒಯ್ದಿದ್ದರು. ನೋಡಲು ಹೊರಟೆ. ಅವ್ವ ಫೋನು ಹಿಡಿದವಳೇ ಅಡ್ಡ ಬಂದಳು. ಪಂಚಾಂಗ ನೋಡುವ ಊರಿನ ಅಯ್ಯನವರಿಗೆ ಫೋನು ಮಾಡಿದ್ದಳು.

"ರೋಹಿಣಿಯಂತ," ಎಂದಳು. ಮುಖ ಅಕ್ಕನ ಪಾದದ ಬಣ್ಣಕ್ಕೆ ತಿರುಗಿತ್ತು. "ನೀ ಅಕಿ ಮಾರಿ ನೋಡಬ್ಯಾಡ. ಶಾಂತಿ ಮಾಡಿಸ್ಬೇಕು. ಆಮ್ಯಾಲ ಬಟ್ಟಲದಾಗ ಎಣ್ಣಿ ಹಾಕಿ, ಎಣ್ಣಿಯೊಳಗ ಮೊದಲ ನೋಡಬೇಕು. ಅಲ್ಲೀ ತನಕ ಬ್ಯಾಡ."

ರೋಹಿಣಿ ನಕ್ಷತ್ರದ ಕೂಸು ಸೋದರಮಾವನಿಗೆ ಆಗದು ಎಂಬ ಮಾತು ಎಲ್ಲ ಕಡೆಯೂ ಇದೆ. ನಮ್ಮ ಮನೆಯಲ್ಲಿ ಅದು ಬರೀ ಮಾತಲ್ಲ. ನಾನು ಹುಟ್ಟಿದ್ದೂ ರೋಹಿಣಿಯಲ್ಲೇ. ಅವ್ವನ ತಮ್ಮ ಸಂಗಪ್ಪ, ಇನ್ನೂ ಮದುವೆಯಾಗದ ಹುಡುಗ, ಯಾರು ಬೇಡವೆಂದರೂ ಕೇಳದೆ ತೊಟ್ಟಿಲೊಳಗೆ ಇಣುಕಿ ನನ್ನ ಕೆನ್ನೆ ಹಿಂಡಿದ್ದನಂತೆ. ಆ ತಿಂಗಳೊಳಗೇ ಬಾವಿಯ ಮೋಟರು ಹಚ್ಚಲು ಹೋದವನಿಗೆ ಕರೆಂಟು ಹೊಡೆಯಿತು. ವೈರು ಹಳೆಯದು, ಸಿಪ್ಪೆ ಸುಲಿದದ್ದು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ವೈರಿಗೆ ಯಾರೂ ಏನೂ ಅನ್ನಲಿಲ್ಲ. "ಮಾವನ್ನ ನುಂಗಿದವ" ಎಂಬ ಹೆಸರು ನನಗೆ ಬಂತು. ಮಗನನ್ನು ಕಳೆದುಕೊಂಡ ಅಜ್ಜಿ ಸಾಯುವವರೆಗೂ ನನ್ನನ್ನು ಎತ್ತಿಕೊಳ್ಳಲಿಲ್ಲ. ಅವಳನ್ನು ನಗಿಸಬೇಕೆಂದೇ ನಾನು ಮೊದಲ ಸಲ ಹುಂಜದ ಕೂಗು ಕಲಿತದ್ದು. ಅವಳು ನಗಲಿಲ್ಲ. ಹುಂಜ ಮಾತ್ರ ಉತ್ತರ ಕೊಟ್ಟಿತು.

ಆ ಲೆಕ್ಕದಲ್ಲಿ ನನ್ನ ಸರದಿ ಈಗ ಬಂದಿತ್ತು. ಒಬ್ಬ ಮಾವನನ್ನು ನುಂಗಿದವನನ್ನು ನುಂಗಲು ಇನ್ನೊಂದು ರೋಹಿಣಿ. ನಗಬೇಕೆಂದುಕೊಂಡೆ. ಆದರೆ ಅವ್ವ ನನ್ನ ತೋಳು ಹಿಡಿದು ಆ ಬಾಗಿಲಿನಿಂದ ದೂರ ಎಳೆಯುತ್ತಿದ್ದಳು.

ಆಗ ಬಂದವರು ಸ್ಟೆಲ್ಲಾ ಸಿಸ್ಟರು. ಹಲಸೂರಿನವರು, ಸಣ್ಣ ಮಕ್ಕಳ ಕೋಣೆಯ ಹಿರಿಯ ಸಿಸ್ಟರು. ಅರ್ಧ ಕನ್ನಡ, ಅರ್ಧ ತಮಿಳು, ಉಳಿದದ್ದೆಲ್ಲ ಗದರಿಕೆ.

"ಏನ್ಪಾ, ಪಾಪುಗೆ ಯಾರಿದೀರಾ? ಮೈ ತಣ್ಣಗಾಗ್ತಾ ಇದೆ. ಎದೆಗೆ ಹಾಕ್ಕೊಂಡು ಕೂರ್ಬೇಕು, ಮೈಗೆ ಮೈ ತಾಗ್ಬೇಕು. ಅಮ್ಮ ಬರೋಕಾಗಲ್ಲ. ಅಪ್ಪ ಎಲ್ಲಿ?"

"ಅಸ್ಸಾಂ," ಎಂದೆ.

"ಅಜ್ಜಿ?"

ಅವ್ವ ಮುಂದೆ ಬಂದಳು, ಬಂದವಳೇ ಕೆಮ್ಮಿದಳು. ಎರಡು ವಾರದಿಂದ ಮಳೆಯಲ್ಲಿ ನೆನೆದು ಮನೆಕೆಲಸಕ್ಕೆ ಓಡಾಡಿ ಹಿಡಿದ ಕೆಮ್ಮು. ಸ್ಟೆಲ್ಲಾ ಸಿಸ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ಅಯ್ಯೋ ಕಡವುಳೇ, ಅಜ್ಜಿ ಒಳಗೆ ಬೇಡವೇ ಬೇಡ. ಮಾಮಾ ಇದಾನಲ್ಲ! ಬಾ ಕಣ್ಣಾ, ಕೈ ತೊಳಿ, ಶರ್ಟ್ ಬಿಚ್ಚು."

"ನಾನಾ? ಸಿಸ್ಟರ್, ನನ್ ಎದೆ ನೋಡಿ, ಬಟ್ಟೆ ಒಗೆಯೋ ಕಲ್ಲಿದ್ದಂಗಿದೆ."

"ಬೆಚ್ಚಗಿದ್ರೆ ಸಾಕು. ಚಂದ ಯಾರು ಕೇಳಿದ್ರು?"

ಅವ್ವ ರೋಹಿಣಿಯ ವಿಷಯ ಹೇಳಿದಳು, ಎಣ್ಣೆಯ ವಿಷಯವನ್ನೂ. ಸಿಸ್ಟರು ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. "ಅಮ್ಮಾ, ನಮ್ಮನೇಲೂ ನೂರು ಇದೆ ಇಂಥದ್ದು," ಎಂದರು. "ಆದ್ರೆ ಈ ಪಾಪು ನಾಳೆವರ್ಗೂ ಕಾಯಲ್ಲ. ಮಕ್ಕಳನ್ನ ಬೆಚ್ಚಗಿಡೋ ವಾರ್ಮರ್ ಎಲ್ಲಾ ತುಂಬಿದೆ. ಎಣ್ಣೆ ಗಿಣ್ಣೆ ಒಳಗೆ ತಂದ್ರೆ ನಿಮ್ ಮಗನ್ನೇ ಅದರಲ್ಲಿ ಹುರಿತೀನಿ."

ಅವರು ಗೌನು ತರಲು ಹೋದ ಕೂಡಲೇ ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಎತ್ಕೋ. ಎತ್ಕೊಬ್ಯಾಡ ಅನ್ನಲ್ಲ, ಅದೂ ನನ್ ಮಗಳ ಕೂಸೇ. ಆದ್ರ ಕಣ್ ಮುಚ್ಕೊಂಡು ಎತ್ಕೋ. ಆಣಿ ಮಾಡು. ನಾ ಒಬ್ಬಾಂವನ್ನ ಕಳ್ಕೊಂಡೀನಿ ಮೌನ್ಯಾ."

"ನೋಡಲ್ಲವ್ವಾ," ಎಂದೆ.

ಒಳಗೆ ಸ್ಟೆಲ್ಲಾ ಸಿಸ್ಟರು ಒರಗುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಅಂಗಿ ತೆಗೆಸಿ, ವಾರ್ಮರಿನ ಕೆಳಗೆ ಕಾಯಿಸಿಟ್ಟ ಹಳೇ ಹತ್ತಿ ಬಟ್ಟೆ ತಂದರು. ಆ ವಾಸನೆಯೇ ಇವತ್ತಿಗೂ ನನ್ನನ್ನು ಫುಟ್‌ಪಾತಿನ ಮೇಲೆ ಕೂರಿಸುವುದು. "ಪಾಪು ಮುಖಾನೇ ನೋಡ್ತಾ ಇರ್ಬೇಕು. ತುಟಿ ಬಣ್ಣ ನೋಡು. ಕತ್ತು ಮುಂದಕ್ಕೆ ಬಗ್ಗಬಾರ್ದು, ಮೂಗಿಗೆ ಬಟ್ಟೆ ಮುಚ್ಚಬಾರ್ದು. ದಿನ ತುಂಬದ ಮಕ್ಕಳು ಉಸಿರಾಡೋದನ್ನೇ ಮರೀತವೆ ಒಂದೊಂದ್ಸಲ. ಹಂಗಾದ್ರೆ ಅಂಗಾಲಿಗೆ ಬೆರಳಲ್ಲಿ ಫಟ್ ಅಂತ ಹೊಡಿ, ನನ್ನ ಕೂಗು. ಆಯ್ತಾ?"

"ಆಯ್ತು ಸಿಸ್ಟರ್," ಎಂದೆ.

ಒಬ್ಬಳಿಗೆ ನೋಡಲ್ಲ ಎಂದೆ, ಇನ್ನೊಬ್ಬರಿಗೆ ನೋಡುತ್ತೇನೆ ಎಂದೆ. ಎಲ್ಲರಿಗೂ ಅವರವರ ಧ್ವನಿಯಲ್ಲೇ ಉತ್ತರ ಕೊಟ್ಟು ಬದುಕಿದವನಿಗೆ ಇದೇನು ಹೊಸದಲ್ಲ.

ಕಣ್ಣು ಮುಚ್ಚಿದೆ. ಎದೆಯ ಮೇಲೆ ಏನೋ ಇಳಿಯಿತು. ತೂಕವೆಂದು ಹೇಳಲು ಅದಕ್ಕೆ ತೂಕವೇ ಇರಲಿಲ್ಲ. ಕಪ್ಪೆಯ ಹಾಗೆ ಮಡಚಿದ ಕಾಲು, ಎರಡು ಪುಟ್ಟ ಮುಷ್ಟಿ, ತಣ್ಣನೆಯ ಕೆನ್ನೆ. ಬಟ್ಟೆ ಸುತ್ತಿ ಬಿಗಿದರು. ನನ್ನ ಎದೆ ಹೊಡೆದುಕೊಳ್ಳುವ ರಭಸಕ್ಕೆ ಅದು ಜಾರಿ ಬೀಳುತ್ತದೆಂದು ಹೆದರಿ ಉಸಿರು ಬಿಗಿಹಿಡಿದೆ.

"ಮಾಮಾ, ನೀನು ಉಸಿರಾಡಪ್ಪಾ ಮೊದ್ಲು," ಎಂದರು ಸಿಸ್ಟರು.

ನನ್ನ ಸುತ್ತ ಪರದೆ. ಪರದೆಯಾಚೆ ತಾಯಂದಿರ ಕುರ್ಚಿಗಳು. ಪಕ್ಕದ ಕುರ್ಚಿಯ ನಸ್ರೀನ್ ಆಪಾಗೆ ಅವಳಿ ಮಕ್ಕಳು, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯ ಮನೆಯವರು. ಅವರ ಮುಖವನ್ನೂ ನಾನು ನೋಡಲಿಲ್ಲ, ಅದು ಬೇರೆ ಕಾರಣಕ್ಕೆ. ಮಾತು ಮಾತ್ರ ಪರದೆ ದಾಟಿ ಬರುತ್ತಿತ್ತು.

"ಭಾಯಿ, ಡರ್ ಲಗ್ ರಹಾ ಕ್ಯಾ?"

"ಹೆದರಿಕೆ ಏನಿಲ್ಲ ಆಪಾ, ಆರಾಮ್."

"ಜೂಟ್ ಮತ್ ಬೋಲೋ. ಕುರ್ಚಿ ನಡುಗೋ ಸದ್ದು ಇಲ್ಲೀವರ್ಗೂ ಕೇಳ್ತಿದೆ."

ಸಿಸ್ಟರು ಹತ್ತಿರ ಬಂದಾಗ ಕಣ್ಣು ತೆರೆದು ಮಗುವಿನ ಟೋಪಿಯ ಅಂಚನ್ನೇ ದಿಟ್ಟಿಸುತ್ತಿದ್ದೆ. ಅವರು ಹೋದ ಕೂಡಲೇ ಮುಚ್ಚುತ್ತಿದ್ದೆ. ಕಿವಿ ಇದೆಯಲ್ಲ! ಆ ದಿನ ಸಂಜೆಯೊಳಗೆ ಆ ಉಸಿರನ್ನು ಕಲಿತುಬಿಟ್ಟಿದ್ದೆ. ಸರ್ ಸರ್ ಸರ್ ಎಂದು ಓಡುವುದು, ಗಕ್ಕನೆ ನಿಲ್ಲುವುದು, ಮತ್ತೆ ಏನೋ ನೆನಪಾದಂತೆ ಓಡುವುದು. ಮೊದಲ ಸಲ ನಿಂತಾಗ ನನ್ನ ಜೀವವೇ ಹೋಯಿತು. ಸಿಸ್ಟರು ಬಂದು ನೋಡಿ, ಇಷ್ಟು ಚಿಕ್ಕ ನಿಲುಗಡೆ ಇವಕ್ಕೆ ಮಾಮೂಲು, ಬಣ್ಣ ಬದಲಾಗದಿದ್ದರೆ ಆಯಿತು ಎಂದರು. ನಾನು ಅರ್ಧವನ್ನೇ ಕೇಳಿಸಿಕೊಂಡೆ. ನಿಲುಗಡೆ ಮಾಮೂಲು ಎಂಬ ಅರ್ಧವನ್ನು. ಪಕ್ಕದವರಿಗೆ ಆ ಉಸಿರನ್ನು ಅನುಕರಿಸಿಯೂ ತೋರಿಸಿದೆ. "ಮಾಶಾ ಅಲ್ಲಾ, ಸೇಮ್ ಟು ಸೇಮ್," ಎಂದರು ಆಪಾ.

ಮರುದಿನ ಮಧ್ಯಾಹ್ನ. ಮಳೆ ನಿಂತು ಸೆಕೆ ಹತ್ತಿತ್ತು, ಕಿಟಕಿ ತೆರೆದಿದ್ದರು. ಹೊಸದಾಗಿ ಬಂದ ಕೂಸೊಂದನ್ನು ನೋಡಲು ಸ್ಟೆಲ್ಲಾ ಸಿಸ್ಟರು ಪಕ್ಕದ ಕೋಣೆಗೆ ಹೋಗಿದ್ದರು. ನಮ್ಮ ಮಗುವಿನ ಕಾಲಿಗೆ ಕಟ್ಟಿದ್ದ, ಉಸಿರು ತಪ್ಪಿದರೆ ಕೂಗುವ ಮಿಣಮಿಣ ದೀಪದ ಯಂತ್ರವನ್ನು ಆ ಹೊಸ ಕೂಸಿಗೆ ಕಟ್ಟಲು ಒಯ್ದಿದ್ದರು, ಹೋಗುವಾಗ "ಈಗ ನಿನ್ ಕಣ್ಣೇ ಮೆಷಿನ್" ಎಂದು ಹೇಳಿಯೇ ಹೋಗಿದ್ದರು. ಕಣ್ಣು ಮುಚ್ಚಿ, ಎದೆಯ ಮೇಲಿನ ಸರ್ ಸರ್ ಕೇಳುತ್ತ ಕೂತಿದ್ದೆ.

ಕೆಳಗಿನ ರಸ್ತೆಯಲ್ಲಿ ಒಂದು ತಳ್ಳುಗಾಡಿ ಬಂತು. "ಬೆಳ್ಳುಳ್ಳೀ! ಬನ್ನಿ ಅಕ್ಕಾ, ಬನ್ನಿ ಅಮ್ಮಾ, ಹೊಸಾ ಬೆಳ್ಳುಳ್ಳೀ!"

ನನ್ನದೇ ಧ್ವನಿ. ಆ ತಿಂಗಳೇ ರೆಕಾರ್ಡ್ ಮಾಡಿಕೊಟ್ಟದ್ದು, ಹಿಂದೆ ಕೋಳಿ ಕೊಕ್ಕೊಕ್ಕೋ ಬೇರೆ ಸೇರಿಸಿದ್ದೆ. ಕೋಣೆಯ ತಾಯಂದಿರು ನಗತೊಡಗಿದರು. "ಏ ಆಪಾ, ಅದು ನಾನೇ!" ಎಂದೆ ಹೆಮ್ಮೆಯಿಂದ. ಗಾಡಿ ಕಿಟಕಿಯ ಕೆಳಗೇ ನಿಂತು ವ್ಯಾಪಾರ ಮಾಡಿತು. ಸ್ಪೀಕರು ಕೋಣೆ ತುಂಬುವ ಹಾಗೆ ಅರಚಿತು. ಆಮೇಲೆ ಗಾಡಿ ಮುಂದಕ್ಕೆ ಹೋಯಿತು, ತಿರುವಿನಾಚೆ ಸದ್ದು ಸಣ್ಣದಾಯಿತು, ಮುಗಿಯಿತು.

ಸರ್ ಸರ್ ಇರಲಿಲ್ಲ.

ನಿಲುಗಡೆ, ಎಂದುಕೊಂಡೆ. ಈಗ ಓಡುತ್ತದೆ. ಓಡಲಿಲ್ಲ. ನನ್ನ ಎದೆ ಬಡಿತವೇ ಅಡ್ಡ ಬರುತ್ತಿದೆ ಎಂದುಕೊಂಡೆ. ಕಿವಿ ಚಾಚಿದೆ. ಎಲ್ಲರ ಸದ್ದನ್ನೂ ಕದ್ದ ಕಿವಿ, ಆ ಒಂದು ಸದ್ದು ಅದಕ್ಕೆ ಸಿಗಲಿಲ್ಲ. ಪುಟ್ಟ ಮುಷ್ಟಿಯೊಂದು ನನ್ನ ಪಕ್ಕೆಲುಬಿನ ಮೇಲಿಂದ ಸಡಿಲವಾಗಿ ಜಾರಿತು.

ನೋಡಿದೆ.

ಟೋಪಿಯ ಕೆಳಗೆ ಅಂಗೈಯಗಲದ ಮುಖ. ಕಣ್ಣು ಮುಚ್ಚಿತ್ತು. ತುಟಿಯ ಸುತ್ತ ನೇರಳೆ ಹಣ್ಣು ತಿಂದವರ ಬಾಯಿಯ ಬಣ್ಣ. ಗದ್ದ ಎದೆಗೆ ಬಾಗಿತ್ತು. ಬಣ್ಣ ಇಷ್ಟು ಹೊತ್ತಿನಿಂದ ಕೂಗುತ್ತಿತ್ತು, ನಾನು ಬೆಳ್ಳುಳ್ಳಿ ಕೇಳುತ್ತಿದ್ದೆ.

ಗದ್ದವನ್ನು ಎತ್ತಿ ಹಿಡಿದೆ. ಬಟ್ಟೆಯೊಳಗೆ ಕೈ ತೂರಿಸಿ ಅಂಗಾಲು ಹುಡುಕಿ ಬೆರಳಿನಿಂದ ಹೊಡೆದೆ. ಏನೂ ಇಲ್ಲ. ಮತ್ತೆ ಹೊಡೆದೆ. ಸಿಸ್ಟರನ್ನು ಕೂಗಲು ಬಾಯಿ ತೆರೆದೆ. ಸೈರನ್ ಕೂಗಿದ ಬಾಯಿ, ಮೂರು ಭಾಷೆಯಲ್ಲಿ ಬೀದಿ ಎಬ್ಬಿಸುವ ಬಾಯಿ. ಗಾಳಿ ಮಾತ್ರ ಬಂತು, ಸದ್ದು ಬರಲಿಲ್ಲ. ಕುರ್ಚಿಯ ಕಬ್ಬಿಣದ ಹಿಡಿಗೆ ಮುಂಗೈ ಬಡಿದೆ, ಬಡಿದೆ.

"ಭಾಯಿ? ಕ್ಯಾ ಹುವಾ ಭಾಯಿ?" ಪರದೆ ಸರಿಯಿತು. ಆಪಾ ಒಮ್ಮೆ ನೋಡಿದರು. "ಸಿಸ್ಟರ್! ಸಿಸ್ಟರ್ ಆವೋ!"

ಸ್ಟೆಲ್ಲಾ ಸಿಸ್ಟರು ಓಡಿ ಬಂದರು. ನಡೆದು ಬರಲಿಲ್ಲ. ಮಗುವನ್ನು ಬಿಡಿಸಿಕೊಂಡು ಮೇಜಿನ ಮೇಲೆ ಮಲಗಿಸಿ, ಬೆನ್ನು ತಿಕ್ಕಿದರು, ಪುಟ್ಟ ಮುಖದ ಮೇಲೆ ಮಾಸ್ಕು ಒತ್ತಿ ರಬ್ಬರ್ ಚೀಲ ಹಿಸುಕಿದರು. "ಬಾ ಕಣ್ಣಾ. ಬಾ ಚಿನ್ನ. ಬಾಮ್ಮಾ ಬಾ," ಎನ್ನುತ್ತಿದ್ದರು, ಗದರಿಕೆಯಿಲ್ಲದ ಧ್ವನಿಯಲ್ಲಿ. ಆ ಧ್ವನಿಯನ್ನು ನಾನು ಇವತ್ತಿನವರೆಗೂ ಅನುಕರಿಸಿಲ್ಲ. ಚೀಲ ಉಬ್ಬಿತು, ಇಳಿಯಿತು. ಅದೆಷ್ಟು ಹೊತ್ತೋ. ಆಮೇಲೆ ಒಂದು ಸೀನು. ಸೀನಿನ ಹಿಂದೆ ಬೆಕ್ಕಿನ ಮರಿಯ ಅಳು. ನೇರಳೆ ಬಣ್ಣ ಒಡೆದು ಅದರೊಳಗಿಂದ ಕೆಂಪು ಏರಿತು, ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ಕಿವಿಗೆ.

ನಾನು ಅಂಗಿಯಿಲ್ಲದೆ ನೆಲದ ಮೇಲೆ ಕೂತು ಅಳುತ್ತಿದ್ದೆ. ನಸ್ರೀನ್ ಆಪಾ ಮುಖ ಬೇರೆ ಕಡೆ ತಿರುಗಿಸಿ ಒಂದು ಟವೆಲ್ ಎಸೆದರು.

ಡಾಕ್ಟರು ಬಂದು ನೋಡಿ ಔಷಧಿ ಬರೆದರು. ಆ ರಾತ್ರಿಯೆಲ್ಲ ಮಗು ಹೇಗೋ ತೆರವು ಮಾಡಿಸಿದ ಒಂದು ವಾರ್ಮರಿನಲ್ಲಿ ಯಂತ್ರದ ಕಾವಲಿನಲ್ಲಿತ್ತು. ಬೆಳಿಗ್ಗೆ ಸ್ಟೆಲ್ಲಾ ಸಿಸ್ಟರು ಮತ್ತೆ ಬಿಸಿ ಬಟ್ಟೆ ಹಿಡಿದು ನನ್ನ ಮುಂದೆ ನಿಂತರು.

"ನಾನು ಬೇಡ ಸಿಸ್ಟರ್. ನನ್ ಕೈಲಿ ಆಗಲ್ಲ."

"ಬೇಡ ಅಂದ್ರೆ ನನ್ನ ಎದೆಗೆ ಹಾಕ್ಕೊಂಡು ಡ್ಯೂಟಿ ಮಾಡ್ಲಾ? ನೋಡಿದೆ ತಾನೇ? ನೋಡಿದ್ದಕ್ಕೇ ಇದಾಳೆ ಅವಳು. ಇನ್ನು ನೋಡ್ತಾನೇ ಇರು."

ನೋಡಿದೆ. ಅಕ್ಕ ಮೇಲಿನ ವಾರ್ಡಿನಲ್ಲಿ ಮಲಗಿದ್ದ ಅಷ್ಟೂ ದಿನ, ರೆಪ್ಪೆ ಹೊಡೆಯಲೂ ಹೆದರಿ ನೋಡಿದೆ. ಹುಬ್ಬು ಇನ್ನೂ ಮೂಡಿರಲಿಲ್ಲ, ಆದರೂ ಹುಬ್ಬು ಗಂಟಿಕ್ಕುತ್ತಿದ್ದಳು. ನಿದ್ದೆಯಲ್ಲಿ ಯಾರಿಗೋ ಬೈಯುತ್ತಿದ್ದಳು. ಒಂದೊಂದು ಸಲ ಬಾಯಿಯ ಒಂದೇ ಮೂಲೆಯಿಂದ ನಗುತ್ತಿದ್ದಳು. ಆಗ ನನಗೆ ಮೈಯೆಲ್ಲ ಚಳಿ ಬರುತ್ತಿತ್ತು, ಈ ನಗು ನಿಂತರೆ ಏನು ಗತಿ ಎಂದು.

ಅವ್ವನಿಗೆ ಹೇಳದೆ ಇರಬಹುದಿತ್ತು. ಕಣ್ಣು ಮುಚ್ಚಿಯೇ ಇದ್ದೆ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಹೊರಗೆ ಮೆಟ್ಟಿಲ ಮೇಲೆ ಕೆಮ್ಮುತ್ತ ಕೂತಿದ್ದ ಅವಳ ಪಕ್ಕ ಕೂತಾಗ ಬಾಯಿ ತಾನಾಗಿ ಹೇಳಿತು. "ನೋಡಿದೆನವ್ವಾ. ನೋಡದಿದ್ರ ಸಾಯ್ತಿದ್ಳು."

ಬಡಿಯುತ್ತಾಳೆ ಎಂದು ತಲೆ ಬಗ್ಗಿಸಿದೆ. ಅವಳು ಕೆಮ್ಮು ಮುಗಿಸಿ ಬಾಯಿ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಯಾರಂಗ ಅದಾಳ?"

"ನಿನ್ನಂಗೇ. ಮಕ್ಕೊಂಡಾಗೂ ಬೈತಾಳ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಈಗ ನಾ ಇಬ್ಬರನ್ನೂ ಕಾಯಬೇಕಾತಲ್ಲೋ," ಎಂದಳು ಒಳಗಿನಿಂದ.

ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದ ದಿನ ಸ್ಟೆಲ್ಲಾ ಸಿಸ್ಟರು ನನ್ನ ಎದೆಯಿಂದ ಮಗುವನ್ನು ಬಿಡಿಸಿ ಅವಳ ಎದೆಗೆ ಕಟ್ಟಿದರು. ಅಕ್ಕ ಇನ್ನೂ ಸುಣ್ಣದ ಬಣ್ಣದಲ್ಲೇ ಇದ್ದಳು. ಕೈ ಎತ್ತಲೂ ಬಲವಿರಲಿಲ್ಲ, ಮೂಗನ್ನು ಮಗುವಿನ ಟೋಪಿಗೆ ಒತ್ತಿದಳು ಅಷ್ಟೇ. ನನ್ನ ಎದೆಗೆ ಗಾಳಿ ತಾಗಿ ತಣ್ಣಗಾಯಿತು. ಅಂಗಿ ಹಾಕಿಕೊಳ್ಳುವುದು ಮರೆತು ಅಲ್ಲೇ ನಿಂತು ಆ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ.

ಮಗುವಿನ ಹೆಸರು ಭಾಗ್ಯ. ಅಕ್ಕ, ಮಲ್ಲಣ್ಣ ಈಗ ನಮ್ಮ ಕೆಳಗಿನ ಮಹಡಿಯಲ್ಲೇ ಬಾಡಿಗೆಗಿದ್ದಾರೆ. ಶಾಂತಿಯನ್ನೂ ಮಾಡಿಸಿದ್ದಾಯಿತು. ಆದರೂ ನನಗೆ ಹೆದರಿಕೆ ಹೋಗಿಲ್ಲ. ರೋಹಿಣಿಯನ್ನು ನಂಬುವುದಿಲ್ಲ ಎನ್ನಲು ಧೈರ್ಯ ಸಾಲದು, ನಂಬುತ್ತೇನೆ ಎನ್ನಲು ನಾಚಿಕೆ. ಹೆದರಿಕೆ ಸಾವಿನದ್ದಲ್ಲ. ನಾಳೆ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಯಾವುದೋ ಟ್ಯಾಂಕರು ನನ್ನನ್ನು ಒರೆಸಿಕೊಂಡು ಹೋದರೆ, ಟ್ಯಾಂಕರಿಗೆ ಯಾರೂ ಏನೂ ಅನ್ನುವುದಿಲ್ಲ. ಒಂದು ಹುಡುಗಿಯ ಮುಖ ನೋಡಿ, ಇವಳೇ ನುಂಗಿದಳು ಎನ್ನುತ್ತಾರೆ. ಗಂಡುಹುಡುಗ ನಾನು, ನಗಿಸಿ ನಗಿಸಿ ಆ ಹೆಸರು ಅಳಿಸಿಕೊಂಡೆ. ಹೆಣ್ಣಿಗೆ ಅಂಟಿದರೆ ಮದುವೆಯ ಮನೆಯವರೆಗೂ ಬರುತ್ತದೆ. ಅದಕ್ಕೇ ನಾನು ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಎರಡು ಕಡೆ ನೋಡಿ ಹೊರಡುತ್ತೇನೆ, ಹಿಂದಿನವರು ನನ್ನ ವಂಶವನ್ನೆಲ್ಲ ಸ್ಮರಿಸುತ್ತಾರೆ. ಗೆಳೆಯರು ನನ್ನನ್ನು ಅಜ್ಜಿ ಎಂದು ಕರೆಯುತ್ತಾರೆ. ಕರೆಯಲಿ ಮಗಾ.

ಇಷ್ಟಾದರೂ ಹೋದ ತಿಂಗಳು ಬಿದ್ದೆ. ಮಳೆ ನಿಂತ ಸಂಜೆ, ಮನೆಯ ತಿರುವಿನಲ್ಲೇ ಬೈಕು ಜಾರಿ ಮೊಣಕಾಲು, ಮೊಣಕೈ ಕಿತ್ತುಬಂತು, ಹಣೆಯಲ್ಲೂ ರಕ್ತ. ಕುಂಟುತ್ತ ಮೆಟ್ಟಿಲು ಹತ್ತುವಾಗ ಸುಳ್ಳನ್ನೂ ತಯಾರಿಸಿದ್ದೆ. ಬಾಗಿಲಲ್ಲಿ ಅವ್ವ, ಅವಳ ಕಾಲಿಗೆ ಒತ್ತಿಕೊಂಡು ಭಾಗ್ಯ. ಅವ್ವ ನನ್ನ ಹಣೆ ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಕೆಳಗಿಳಿದು ಮಗುವಿನ ಮುಖದ ಮೇಲೆ ನಿಂತಿತು.

ಆ ಹೊತ್ತಿಗೆ ನನ್ನ ಉಸಿರೂ ನಿಂತಿತ್ತು.

ಅವ್ವ ಬಗ್ಗಿ ಭಾಗ್ಯಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು, ಅವಳ ಮೂಗನ್ನು ಸೆರಗಿನಿಂದ ಒರೆಸಿದಳು. ಒರೆಸಿ ನನ್ನ ಕಡೆ ತಿರುಗಿ, ಮೂರೂ ಮಹಡಿಗೆ ಕೇಳುವ ಹಾಗೆ ಶುರು ಮಾಡಿದಳು.

"ನೆಟ್ಟಗ ಗಾಡಿ ಹೊಡೀಲಿಕ್ಕೆ ಬರಲ್ಲೇನೋ ಭಾಡ್ಯಾ? ತೇವದಾಗ ಬ್ರೇಕ್ ಹಿಂಗ ಹಿಡೀತಾರೇನು? ಹುಟ್ಟಿದಾಗಿಂದ ನಿಂದು ಇದೇ ಹಣೇಬರ, ಮೈಮ್ಯಾಲ ಖಬರಿಲ್ಲ! ನಿನ್ ತಪ್ಪು, ಪೂರಾ ನಿನ್ನದೇ ತಪ್ಪು!"

"ಹೌದವ್ವಾ," ಎಂದೆ. "ಇನ್ನೂ ಬೈಯಿ."